ವಿದ್ಯುತ್ ವಾಹನದ ಖಾಸಗಿ ಮಾರಾಟ: ಮಾರಾಟ ಪತ್ರವನ್ನು ಬರೆಯುವ ಬಗೆ

ದನದ ಸಂತೆಯಲ್ಲಿ ಎತ್ತು ಕೊಳ್ಳುವ ರೈತನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಪೆಟ್ರೋಲ್ ಗಾಡಿ ಕೊಳ್ಳುವವನು ಎಂಜಿನ್ನಿನ ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ ಬೆಲೆ ಕಟ್ಟುತ್ತಾನೆ. ವಿದ್ಯುತ್ ಗಾಡಿಗೆ ಹಲ್ಲೂ ಇಲ್ಲ, ಹೊಗೆಯೂ ಇಲ್ಲ. ಅದರ ಬೆಲೆಯ ಬಹುಭಾಗ ಅಡಗಿರುವುದು ಆಸನದ ಅಡಿಯಲ್ಲಿ ಅಥವಾ ಕಾಲಿಡುವ ಹಲಗೆಯ ಕೆಳಗೆ ಕೂತಿರುವ, ಬಿಚ್ಚಿ ನೋಡಲಾಗದ ಒಂದು ಬ್ಯಾಟರಿ ಪೆಟ್ಟಿಗೆಯಲ್ಲಿ. ಆದ್ದರಿಂದ ಇಂತಹ ವಾಹನವು ಕೈಯಿಂದ ಕೈಗೆ ಹೋಗುವಾಗ ಬರೆಯುವ ಕಾಗದಕ್ಕೆ ಹಳೆಯ ಗಾಡಿಗಳ ಕಾಗದಕ್ಕಿಂತ ಹೆಚ್ಚಿನ ಕೆಲಸವಿದೆ.

ನಾಗಾವಿ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಗ್ರಾಮಗಳಲ್ಲಿ ವಿದ್ಯುತ್ ಚಾಲಿತ ಸ್ಕೂಟರುಗಳು, ಅಲ್ಲೊಂದು ಇಲ್ಲೊಂದು ಕಾರು ಮತ್ತು ಮೂರು ಗಾಲಿಯ ವಾಹನಗಳು ಈಗ ಎರಡನೆಯ ಒಡೆಯರ ಕೈ ಸೇರುವ ಕಾಲ ಬಂದಿದೆ. ವ್ಯವಹಾರದ ರೀತಿ ಮಾತ್ರ ಹಳೆಯದೇ. ದುಡ್ಡು ಎಣಿಸಿಕೊಂಡು, ಬೀಗದ ಕೈ ಕೊಟ್ಟು, ಖಾಲಿ ಇರುವ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ, ಮುಂದಿನದನ್ನು ಕೊಂಡವರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಾಗುವುದು ವಾಡಿಕೆ. ಈ ವಾಡಿಕೆಯಿಂದ ಮಾರಿದವರಿಗೆ ಒದಗಬಹುದಾದ ತೊಂದರೆ ಎಷ್ಟು, ಕೊಂಡವರಿಗೆ ಆಗಬಹುದಾದ ನಷ್ಟ ಎಷ್ಟು, ಎರಡನ್ನೂ ತಪ್ಪಿಸಲು ಮಾರಾಟ ಪತ್ರವನ್ನು ಹೇಗೆ ತುಂಬಬೇಕು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಮಾರಾಟ ಪತ್ರ ಮಾಡುವ ಕೆಲಸ, ಮಾಡದ ಕೆಲಸ

ಕಾನೂನಿನ ದೃಷ್ಟಿಯಲ್ಲಿ ಮೋಟಾರು ವಾಹನವು ಚರ ಸ್ವತ್ತು. ಅದರ ಮಾರಾಟಕ್ಕೆ 1930ರ ಸರಕು ಮಾರಾಟ ಅಧಿನಿಯಮವು ಅನ್ವಯಿಸುತ್ತದೆ. ಹೊಲ, ಮನೆಗಳ ಖರೀದಿ ಪತ್ರದಂತೆ ಇದನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಲೇಬೇಕೆಂಬ ನಿರ್ಬಂಧವಿಲ್ಲ. ಸರ್ಕಾರವು ಗೊತ್ತುಪಡಿಸಿದ ಒಂದೇ ನಮೂನೆಯೂ ಇಲ್ಲ. ಬಿಳಿಯ ಹಾಳೆಯಲ್ಲಿ ಕೈಬರಹದಲ್ಲಿ ಬರೆದರೂ, ಇಬ್ಬರೂ ಒಪ್ಪಿ ಸಹಿ ಮಾಡಿದ್ದರೆ, ಯಾವ ವಸ್ತುವನ್ನು ಯಾರು ಯಾರಿಗೆ ಯಾವ ಬೆಲೆಗೆ ಯಾವ ಮಾತಿನ ಮೇಲೆ ಮಾರಿದರು ಎಂಬುದಕ್ಕೆ ಅದು ಸಾಕ್ಷ್ಯವಾಗುತ್ತದೆ.

ಆದರೆ ಆ ಪತ್ರದಿಂದ ನೋಂದಣಿ ಪುಸ್ತಕದಲ್ಲಿನ ಹೆಸರು ಬದಲಾಗುವುದಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ಛಾಪಾ ಕಾಗದದ ಮೇಲೆ ಬರೆದು, ನೋಟರಿಯ ಮುದ್ರೆ ಒತ್ತಿಸಿದರೂ ಬದಲಾಗುವುದಿಲ್ಲ. ಗ್ರಾಮ ಪಂಚಾಯಿತಿಯ ಮೊಹರು ಬಿದ್ದರೂ ಬದಲಾಗುವುದಿಲ್ಲ. ವಾಹನದ ಮಾಲೀಕತ್ವದ ವರ್ಗಾವಣೆಯಲ್ಲಿ ಗ್ರಾಮ ಪಂಚಾಯಿತಿಗೆ ಯಾವ ಅಧಿಕಾರವೂ ಇಲ್ಲವಾದ್ದರಿಂದ, ಮೊಹರಿಗಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಬಳಿ ಹೋಗುವುದು ವ್ಯರ್ಥ. ಹೆಸರು ಬದಲಾಗುವುದು 1988ರ ಮೋಟಾರು ವಾಹನಗಳ ಅಧಿನಿಯಮದ 50ನೆಯ ಪ್ರಕರಣದ ಪ್ರಕಾರ, ಪ್ರಾದೇಶಿಕ ಸಾರಿಗೆ ಕಚೇರಿಯ ದಾಖಲೆಯಲ್ಲಿ ಮಾತ್ರ.

ಇದರ ಪರಿಣಾಮ ಎಷ್ಟು ಗಂಭೀರ ಎಂಬುದಕ್ಕೆ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರುವರಿ 6ರಂದು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಅವರ ನಡುವಣ ಪ್ರಕರಣದಲ್ಲಿ ನೀಡಿದ ತೀರ್ಪೇ ಸಾಕ್ಷಿ. ಅಪಘಾತ ನಡೆದದ್ದು 2009ರಲ್ಲಿ. ನೋಂದಾಯಿತ ಮಾಲೀಕರು ತಾವು ಆ ಕಾರನ್ನು 2007ರಲ್ಲಿಯೇ ಮಾರಿದ್ದಾಗಿ ಹೇಳಿದರು. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಎಂದು ಕಾರು ಹಲವು ಕೈ ದಾಟಿತ್ತು; ಸಾರಿಗೆ ಕಚೇರಿಯ ದಾಖಲೆಯಲ್ಲಿ ಮಾತ್ರ ಮೊದಲಿನ ಹೆಸರೇ ಉಳಿದಿತ್ತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಧಿನಿಯಮದ ಅರ್ಥದಲ್ಲಿ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ನ್ಯಾಯಾಲಯವು ನಿರ್ಣಯಿಸಿತು. ನೊಂದವರು ದಾಖಲೆಗೆ ಸೇರದ ಮಾರಾಟಗಳ ಜಾಡನ್ನು ಹುಡುಕುತ್ತ ಅಲೆಯಬೇಕಾಗಿಲ್ಲ ಎಂಬುದು ಆ ತೀರ್ಪಿನ ಹಿಂದಿನ ವಿಚಾರ.

ಮಾರಿದ ಸ್ಕೂಟರನ್ನು ಕೊಂಡವರ ಮನೆಯ ಅಪ್ರಾಪ್ತ ಬಾಲಕನು ಓಡಿಸಿ ಸಿಕ್ಕಿಬಿದ್ದರೂ ಇದೇ ಸಂಕಟ. 2019ರ ತಿದ್ದುಪಡಿಯಿಂದ ಸೇರಿದ 199ಎ ಪ್ರಕರಣವು ಪಾಲಕರನ್ನೂ ವಾಹನದ ಮಾಲೀಕರನ್ನೂ ಹೊಣೆಯಾಗಿಸಿ, ಮೂರು ವರ್ಷಗಳವರೆಗಿನ ಕಾರಾಗೃಹ ವಾಸ ಮತ್ತು 25,000 ರೂಪಾಯಿ ದಂಡವನ್ನು ವಿಧಿಸುತ್ತದೆ. ಅಂಥ ಸಂದರ್ಭದಲ್ಲಿ ಪೊಲೀಸರು ಮೊದಲು ನೋಡುವುದು ನೋಂದಣಿಯಲ್ಲಿರುವ ಹೆಸರನ್ನೇ.

ಹಾಗಾದರೆ ಮಾರಾಟ ಪತ್ರವೇಕೆ? ನಮೂನೆ 29 ಮತ್ತು 30 ಸಾರಿಗೆ ಕಚೇರಿಗೆ ಬೇಕಾದ ವಿವರಗಳನ್ನಷ್ಟೇ ಕೇಳುತ್ತವೆ. ಬ್ಯಾಟರಿ ಯಾವ ಸ್ಥಿತಿಯಲ್ಲಿತ್ತು, ಚಾರ್ಜರು ಕೊಟ್ಟರೇ ಇಲ್ಲವೇ, ಹಣ ಪೂರ್ತಿ ಸಂದಿತೇ, ಗಾಡಿ ಎಷ್ಟು ಗಂಟೆಗೆ ಕೈ ಬದಲಾಯಿಸಿತು ಎಂಬ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಜಗಳ ಹುಟ್ಟುವುದು ಈ ವಿಷಯಗಳಲ್ಲಿಯೇ. ಸರಕು ಮಾರಾಟ ಅಧಿನಿಯಮದ 16ನೆಯ ಪ್ರಕರಣದ ಸಾಮಾನ್ಯ ನಿಯಮವು ಕೊಳ್ಳುವವನೇ ಎಚ್ಚರವಹಿಸಬೇಕು ಎಂಬುದಾಗಿದೆ. ವ್ಯಾಪಾರಿಯಲ್ಲದ ನೆರೆಯವರಿಂದ ಕೊಂಡ ಗಾಡಿಯ ಗುಣಮಟ್ಟಕ್ಕೆ ಕಾನೂನು ತಾನಾಗಿ ಭರವಸೆ ಕೊಡುವುದಿಲ್ಲ. ಪತ್ರದಲ್ಲಿ ಬರೆದ ಭರವಸೆಯೊಂದೇ ಕೊಂಡವರ ಕೈಯಲ್ಲಿ ಉಳಿಯುವ ಆಧಾರ.

ಬರೆಯುವ ಮೊದಲು ನೋಡಬೇಕಾದವು

ವಾಹನದ ಸಂಖ್ಯೆಯನ್ನು ಕೇಂದ್ರ ಸಾರಿಗೆ ಇಲಾಖೆಯ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ನೋಂದಣಿಯ ದಿನಾಂಕ, ವಿಮೆಯ ಅವಧಿ ಮುಂತಾದವು ಕಾಣುತ್ತವೆ. ಬಾಕಿ ದಂಡಗಳನ್ನು ಇ-ಚಲನ್ ಜಾಲತಾಣದಲ್ಲಿ ನೋಡಬಹುದು. ಮಾರುವವರು ತೋರಿಸುವ ನೋಂದಣಿ ಪ್ರಮಾಣಪತ್ರದ ಜೆರಾಕ್ಸ್ ಪ್ರತಿಯನ್ನು ನಂಬಿ ಕೂರದೆ, ಅದರಲ್ಲಿನ ಚಾಸಿ ಸಂಖ್ಯೆಯನ್ನು ಗಾಡಿಯ ಮೇಲೆ ಕೊರೆದಿರುವ ಸಂಖ್ಯೆಯೊಂದಿಗೆ ಅಕ್ಷರಶಃ ತಾಳೆ ನೋಡಬೇಕು. ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ ಸಂಖ್ಯೆ ಇರುವ ಕಡೆ ಇಲ್ಲಿ ಮೋಟಾರ್ ಸಂಖ್ಯೆ ಇರುತ್ತದೆ.

ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ನೋಂದಣಿ ಪ್ರಮಾಣಪತ್ರದಲ್ಲಿ ಬ್ಯಾಂಕಿನ ಅಥವಾ ಹಣಕಾಸು ಸಂಸ್ಥೆಯ ಹೆಸರು ನಮೂದಾಗಿರುತ್ತದೆ. ಅಧಿನಿಯಮದ 51ನೆಯ ಪ್ರಕರಣದಂತೆ ಆ ಸಂಸ್ಥೆಯ ಲಿಖಿತ ಒಪ್ಪಿಗೆ ಇಲ್ಲದೆ ವರ್ಗಾವಣೆಯನ್ನು ದಾಖಲಿಸಲಾಗದು. ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಆ ನಮೂದು ತಾನಾಗಿ ಅಳಿಯುವುದಿಲ್ಲ. ಸಾಲಕೊಟ್ಟವರು ಸಹಿ ಮಾಡಿದ ನಮೂನೆ 35ನ್ನು ಸಾರಿಗೆ ಕಚೇರಿಗೆ ಕೊಟ್ಟು ತೆಗೆಸಬೇಕು. ಸ್ವಸಹಾಯ ಸಂಘದ ಸಾಲದಿಂದಲೋ ಸರ್ಕಾರಿ ಯೋಜನೆಯ ಸಹಾಯಧನದಿಂದಲೋ ಬಂದ ಗಾಡಿಯಾಗಿದ್ದರೆ ಮಂಜೂರಾತಿ ಪತ್ರದಲ್ಲಿ ಮರುಮಾರಾಟದ ಬಗ್ಗೆ ಷರತ್ತು ಇದೆಯೇ ಎಂಬುದನ್ನೂ ಓದಿ ನೋಡುವುದು ಅವಶ್ಯ.

ವಿದ್ಯುತ್ ವಾಹನಗಳಿಗೇ ವಿಶೇಷವಾದ ಒಂದು ತೊಡಕಿದೆ. ಗಾಡಿ ಒಬ್ಬರದು, ಬ್ಯಾಟರಿ ಇನ್ನೊಬ್ಬರದು ಆಗಿರಬಹುದು! ಬ್ಯಾಟರಿ ಇಲ್ಲದೆಯೇ ವಿದ್ಯುತ್ ವಾಹನಗಳನ್ನು ಮಾರಲು ಮತ್ತು ನೋಂದಾಯಿಸಲು ಅವಕಾಶ ಕೊಡುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2020ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ತಿಳಿಸಿತು. ಬ್ಯಾಟರಿಯನ್ನು ತಿಂಗಳ ಬಾಡಿಗೆಗೆ ಪಡೆಯುವ, ಖಾಲಿಯಾದಾಗ ಕೇಂದ್ರಕ್ಕೆ ಕೊಟ್ಟು ತುಂಬಿದ್ದನ್ನು ಪಡೆಯುವ ಪದ್ಧತಿಗಳೂ ಬಂದಿವೆ. ಅಂತಹ ಗಾಡಿಯನ್ನು ಬ್ಯಾಟರಿಸಹಿತ ಮಾರಿದೆನೆಂದು ಬರೆದುಕೊಟ್ಟರೆ, ತನ್ನದಲ್ಲದ್ದನ್ನು ಮಾರಿದಂತಾಗುತ್ತದೆ. ತನಗಿಲ್ಲದ ಹಕ್ಕನ್ನು ಯಾರೂ ಮತ್ತೊಬ್ಬರಿಗೆ ಕೊಡಲಾರರು ಎಂಬುದು ಸರಕು ಮಾರಾಟ ಅಧಿನಿಯಮದ 27ನೆಯ ಪ್ರಕರಣದ ತತ್ತ್ವ. ಬಾಡಿಗೆಯ ಸಂಸ್ಥೆಯು ಬ್ಯಾಟರಿಯನ್ನು ಮರಳಿ ಕೇಳಿದ ದಿನ ಕೊಂಡವರ ಕೈಯಲ್ಲಿ ಉಳಿಯುವುದು ಗಾಲಿ ಮತ್ತು ಹಿಡಿಕೆ ಮಾತ್ರ. ಮೂಲ ಬಿಲ್ಲನ್ನು ಕೇಳಿ ಪಡೆದು, ಅದರಲ್ಲಿ ಬ್ಯಾಟರಿಯ ಬೆಲೆ ಸೇರಿದೆಯೇ ಎಂಬುದನ್ನು ನೋಡುವುದೇ ಇದಕ್ಕಿರುವ ಸರಳ ಉಪಾಯ.

ನೋಂದಣಿ ಇರುವ ಹೆಸರಿನವರು ಮರಣ ಹೊಂದಿದ್ದರೆ ಅವರ ಮಗನೋ ಹೆಂಡತಿಯೋ ನೇರವಾಗಿ ಮಾರಾಟ ಪತ್ರ ಬರೆದುಕೊಡುವಂತಿಲ್ಲ. ಮರಣದ ಸುದ್ದಿಯನ್ನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಹಾಕಿ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು.

ಬ್ಯಾಟರಿಯ ಸತ್ವವನ್ನು ಅಳೆಯುವ ಬಗೆ

ಬ್ಯಾಟರಿಯು ವರ್ಷದಿಂದ ವರ್ಷಕ್ಕೆ, ತುಂಬಿ ಬರಿದಾದಂತೆಲ್ಲ, ತನ್ನ ಧಾರಣ ಸಾಮರ್ಥ್ಯವನ್ನು ಸ್ವಲ್ಪಸ್ವಲ್ಪವಾಗಿ ಕಳೆದುಕೊಳ್ಳುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ, ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಗೆ ಈ ಸವೆತ ಇನ್ನೂ ಬೇಗ. ಗದಗದಿಂದ ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿಲೋಮೀಟರು. ಹೊಸದರಲ್ಲಿ ನಿಜವಾಗಿ 90 ಕಿಲೋಮೀಟರು ಓಡುತ್ತಿದ್ದ ಸ್ಕೂಟರು ಹೋಗಿ ಮರಳಿ ಬರುತ್ತಿತ್ತು. ಅದರ ಬ್ಯಾಟರಿಯಲ್ಲಿ ಈಗ ನೂರಕ್ಕೆ 80ರಷ್ಟು ಸತ್ವ ಉಳಿದಿದ್ದರೆ ಓಡುವುದು 72 ಕಿಲೋಮೀಟರು. ಮರಳುವ ದಾರಿಯಲ್ಲಿ ಊರು ಇನ್ನೂ ಎಂಟು ಕಿಲೋಮೀಟರು ಇರುವಾಗ ಗಾಡಿ ನಿಲ್ಲುತ್ತದೆ. ನಿತ್ಯ ಆ ದಾರಿಯಲ್ಲಿ ಕೆಲಸಕ್ಕೆ ಹೋಗುವವರಿಗೆ ಆ ಗಾಡಿಯಿಂದ ಉಪಯೋಗವೇ ಇಲ್ಲ. ನಾಗಾವಿಯಿಂದ ಗದಗಕ್ಕಷ್ಟೇ ಓಡಾಡುವವರಿಗೆ ಅದೇ ಗಾಡಿ, ಬೆಲೆ ಇಳಿಸಿ ಕೊಟ್ಟರೆ, ಲಾಭದ ವ್ಯಾಪಾರ.

ಸತ್ವವನ್ನು ತಿಳಿಯಲು ಉತ್ತಮ ಮಾರ್ಗವೆಂದರೆ ಕಂಪನಿಯ ಸೇವಾ ಕೇಂದ್ರದಲ್ಲಿ ತಪಾಸಣೆ ಮಾಡಿಸಿ, ಬ್ಯಾಟರಿಯ ಆರೋಗ್ಯದ ವರದಿಯನ್ನು ಲಿಖಿತವಾಗಿ ಪಡೆಯುವುದು. ಅದು ಆಗದಿದ್ದರೆ ಮನೆಯ ಹೆಸ್ಕಾಂ ಮೀಟರೇ ಒಂದು ಅಂದಾಜನ್ನು ಕೊಡುತ್ತದೆ. ಬ್ಯಾಟರಿಯ ಅಳತೆಯಾದ ಒಂದು ಕಿಲೋವ್ಯಾಟ್ ಗಂಟೆ ಎಂದರೆ ನಾವು ಬಿಲ್ಲು ಕಟ್ಟುವ ಒಂದು ಯೂನಿಟ್. ಮೂರು ಯೂನಿಟ್ ಹಿಡಿಯುವ ಬ್ಯಾಟರಿಯನ್ನು ನೂರಕ್ಕೆ 20ರಿಂದ 100ರವರೆಗೆ ತುಂಬಿಸಿದರೆ ಒಳಗೆ ಸೇರಬೇಕಾದದ್ದು 2.4 ಯೂನಿಟ್, ಚಾರ್ಜರಿನಲ್ಲಿ ಶಾಖವಾಗಿ ಸೋರಿಹೋಗುವುದೂ ಸೇರಿ ಮೀಟರು ಸುಮಾರು 2.7 ಯೂನಿಟ್ ತೋರಿಸಬೇಕು. ಮನೆಯ ಉಳಿದ ದೀಪ, ಫ್ಯಾನು, ಫ್ರಿಜ್ಜುಗಳನ್ನು ಆರಿಸಿ ನೋಡಿದಾಗ ಮೀಟರು ಕೇವಲ ಎರಡು ಯೂನಿಟ್ಟಿನಷ್ಟು ಮುಂದೆ ಹೋಗಿದ್ದರೆ, ಬ್ಯಾಟರಿಯಲ್ಲಿ ಉಳಿದಿರುವುದು ಹೊಸದರ ಮುಕ್ಕಾಲು ಪಾಲು ಎಂದು ತಿಳಿಯಬಹುದು. ಇದು ಪ್ರಯೋಗಾಲಯದ ಲೆಕ್ಕವಲ್ಲ. ಕಂಪನಿಗಳು ಬ್ಯಾಟರಿಯ ಒಂದು ಅಂಶವನ್ನು ಬಳಕೆಗೆ ಬಿಡದೆ ಕಾದಿರಿಸುವುದೂ ಉಂಟು, ಆದುದರಿಂದ ಕೈಪಿಡಿಯಲ್ಲಿ ಬಳಕೆಗೆ ಸಿಗುವ ಸಾಮರ್ಥ್ಯ ಎಂದು ಕೊಟ್ಟಿರುವ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಆದರೂ ತೋರುಫಲಕದ ಮೇಲೆ ಹೊಳೆಯುವ ಅಂಕಿಗಿಂತ ಇದು ಮೇಲು. ಮಾರುವವರ ಮನೆಯಲ್ಲಿ ಒಂದು ರಾತ್ರಿ ಈ ಪರೀಕ್ಷೆ ಮಾಡಿಸಿ ನೋಡಲು ಕೇಳುವುದರಲ್ಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ.

ವಾರಂಟಿಯ ಮಾತೂ ಇದಕ್ಕೆ ಸೇರಿದ್ದು. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಸಾಮಾನ್ಯ. ಸ್ಕೂಟರುಗಳಲ್ಲಿ ಅವಧಿ ಕಂಪನಿಯಿಂದ ಕಂಪನಿಗೆ ಬೇರೆ. ಉಳಿದ ವಾರಂಟಿಯು ಎರಡನೆಯ ಮಾಲೀಕರಿಗೆ ಸಲ್ಲುತ್ತದೆಯೇ, ಅದಕ್ಕೆ ಕಂಪನಿಗೆ ಏನನ್ನು ತಿಳಿಸಬೇಕು ಎಂಬುದು ವಾರಂಟಿ ಪುಸ್ತಕದಲ್ಲಿರುತ್ತದೆ. ಹೊರಗಿನ ಮೆಕ್ಯಾನಿಕರಿಂದ ಪೆಟ್ಟಿಗೆ ಬಿಚ್ಚಿಸಿದ್ದರೆ ವಾರಂಟಿ ರದ್ದಾಗುವುದುಂಟು. ಹಾಗಾಗಿ ಬ್ಯಾಟರಿಯನ್ನು ಎಂದಾದರೂ ಬಿಚ್ಚಲಾಗಿದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಪತ್ರದಲ್ಲಿಯೇ ಬರೆಸಿಕೊಳ್ಳಬೇಕು.

ಪತ್ರದ ಮಾದರಿ

ಮೇಲಿನ ಸಂಗತಿಗಳೆಲ್ಲ ಸ್ಪಷ್ಟವಾದ ಮೇಲೆ ಎರಡು ಪ್ರತಿಗಳಲ್ಲಿ ಪತ್ರವನ್ನು ಬರೆಯಬೇಕು. ಮಾದರಿ ಹೀಗಿದೆ:

«ವಿದ್ಯುತ್ ವಾಹನದ ಮಾರಾಟ ಪತ್ರ. ಸನ್ ........ನೇ ಇಸವಿ ........ ತಿಂಗಳು ........ನೇ ತಾರೀಖಿನ ದಿವಸ, ಗದಗ ಜಿಲ್ಲೆ ........ ತಾಲೂಕು ........ ಗ್ರಾಮದ ನಿವಾಸಿ, ಶ್ರೀ/ಶ್ರೀಮತಿ ........, ತಂದೆ/ಪತಿ ........, ವಯಸ್ಸು ........ ಆದ ಮಾರುವವರು, ........ ತಾಲೂಕು ........ ಗ್ರಾಮದ ನಿವಾಸಿ, ಶ್ರೀ/ಶ್ರೀಮತಿ ........, ತಂದೆ/ಪತಿ ........, ವಯಸ್ಸು ........ ಆದ ಕೊಳ್ಳುವವರಿಗೆ ಬರೆದುಕೊಟ್ಟ ಮಾರಾಟ ಪತ್ರವೇನೆಂದರೆ:

ನನ್ನ ಹೆಸರಿನಲ್ಲಿ ನೋಂದಣಿಯಾಗಿರುವ, ಕೆಎ 26 ........ ಸಂಖ್ಯೆಯ, ........ ಕಂಪನಿಯ ........ ಮಾದರಿಯ, ........ ಇಸವಿಯಲ್ಲಿ ತಯಾರಾದ, ಚಾಸಿ ಸಂಖ್ಯೆ ........, ಮೋಟಾರ್ ಸಂಖ್ಯೆ ........ ಉಳ್ಳ ವಿದ್ಯುತ್ ವಾಹನವನ್ನು ರೂ. ........ (ಅಕ್ಷರಗಳಲ್ಲಿ ........) ಕ್ರಯಕ್ಕೆ ನಿಮಗೆ ಮಾರಿರುತ್ತೇನೆ. ಸದರಿ ಹಣದಲ್ಲಿ ರೂ. ........ ಸಂಚಕಾರವಾಗಿ ದಿನಾಂಕ ........ರಂದು, ಉಳಿದ ರೂ. ........ ಈ ದಿವಸ ........ ಮೂಲಕ ನನಗೆ ಸಂದಾಯವಾಗಿದ್ದು, ಬಾಕಿ ಏನೂ ಇರುವುದಿಲ್ಲ.

ವಾಹನದ ಬ್ಯಾಟರಿಯು ನನ್ನ ಸ್ವಂತದ್ದಾಗಿದ್ದು, ಬಾಡಿಗೆಯ ಅಥವಾ ಬದಲಿ ಪದ್ಧತಿಯದಲ್ಲ. ಬ್ಯಾಟರಿಯ ಸಂಖ್ಯೆ ........, ಸಾಮರ್ಥ್ಯ ........ ಕಿಲೋವ್ಯಾಟ್ ಗಂಟೆ. ದಿನಾಂಕ ........ರ ತಪಾಸಣೆಯಂತೆ ಉಳಿದಿರುವ ಸತ್ವ ನೂರಕ್ಕೆ ........; ವರದಿಯ ಪ್ರತಿ ಲಗತ್ತು. ಬ್ಯಾಟರಿಯನ್ನು ಈ ಮೊದಲು ಬಿಚ್ಚಿಲ್ಲ / ದಿನಾಂಕ ........ರಂದು ........ ಕಾರಣಕ್ಕೆ ಬಿಚ್ಚಲಾಗಿದೆ / ಬದಲಿಸಲಾಗಿದೆ. ವಾಹನವು ನೀರಿನಲ್ಲಿ ಮುಳುಗಿಲ್ಲ, ಬೆಂಕಿಗೆ ಈಡಾಗಿಲ್ಲ. ಈ ದಿವಸ ಮೀಟರಿನಲ್ಲಿ ತೋರುವ ಓಟ ........ ಕಿಲೋಮೀಟರು. ಇವುಗಳ ಹೊರತು ವಾಹನವನ್ನು ಇದ್ದ ಸ್ಥಿತಿಯಲ್ಲಿ ನೀವು ನೋಡಿ, ಓಡಿಸಿ, ಒಪ್ಪಿ ಕೊಂಡಿರುತ್ತೀರಿ.

ವಾಹನದ ಮೇಲೆ ಯಾವ ಸಾಲ, ಜಪ್ತಿ, ಪಾಲುದಾರಿಕೆ ಇರುವುದಿಲ್ಲ. ಈ ದಿವಸ ........ ಗಂಟೆಯವರೆಗಿನ ದಂಡ, ತೆರಿಗೆ, ಅಪಘಾತಗಳ ಹೊಣೆ ನನ್ನದು, ಅನಂತರದ್ದು ನಿಮ್ಮದು. ಬೀಗದ ಕೈ ........, ಚಾರ್ಜರು (ಸಂಖ್ಯೆ ........), ನೋಂದಣಿ ಪ್ರಮಾಣಪತ್ರ, ವಿಮೆ, ಮೂಲ ಬಿಲ್ಲು, ವಾರಂಟಿ ಪುಸ್ತಕಗಳನ್ನು ನಿಮ್ಮ ಸ್ವಾಧೀನಕ್ಕೆ ಕೊಟ್ಟಿರುತ್ತೇನೆ. ಕಂಪನಿಯ ಆ್ಯಪಿನಲ್ಲಿದ್ದ ನನ್ನ ಖಾತೆಯನ್ನು ನಿಮ್ಮ ಸಮಕ್ಷಮದಲ್ಲಿ ತೆಗೆದಿರುತ್ತೇನೆ. ನಮೂನೆ 29 ಮತ್ತು 30ಕ್ಕೆ ಇಬ್ಬರೂ ಪೂರ್ತಿ ತುಂಬಿ ಸಹಿ ಮಾಡಿರುತ್ತೇವೆ. ಓದಿ, ಕೇಳಿ, ತಿಳಿದು, ಸ್ವಸಂತೋಷದಿಂದ ಬರೆದುಕೊಟ್ಟ ಮಾರಾಟ ಪತ್ರ ಸಹಿ.»

ಇದರ ಕೆಳಗೆ ಮಾರುವವರ, ಕೊಳ್ಳುವವರ, ಇಬ್ಬರು ಸಾಕ್ಷಿದಾರರ ಸಹಿ ಮತ್ತು ಪತ್ರವನ್ನು ಬೇರೊಬ್ಬರು ಬರೆದಿದ್ದರೆ ಬಿಕ್ಕಲಂ ಎಂದು ಅವರ ಹೆಸರು ಇರಬೇಕು. ಹೆಬ್ಬೆಟ್ಟು ಒತ್ತುವವರಿದ್ದರೆ ಪತ್ರವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಲಾಯಿತು ಎಂಬ ಮಾತನ್ನು ಸೇರಿಸಿ, ಓದಿದವರು ಅದರ ಕೆಳಗೆ ಸಹಿ ಮಾಡಬೇಕು. ಹದಿನೆಂಟು ತುಂಬದವರ ಹೆಸರಿಗೆ ಬರೆಯಬಾರದು. ಪುಟ ಒಂದಕ್ಕಿಂತ ಹೆಚ್ಚಾದರೆ ಪ್ರತಿ ಪುಟಕ್ಕೂ ಸಹಿ. ತಿದ್ದಿದ ಕಡೆ ಇಬ್ಬರ ಕಿರುಸಹಿ. ಅನ್ವಯಿಸದ ಸಾಲನ್ನು ಖಾಲಿ ಬಿಡದೆ ಅಡ್ಡಗೆರೆ ಎಳೆಯಬೇಕು, ಏಕೆಂದರೆ ಖಾಲಿ ಜಾಗವು ಮುಂದೆ ಯಾರ ಕೈಯಲ್ಲಿಯೂ ತುಂಬಬಹುದು.

ಹಸ್ತಾಂತರದ ಗಂಟೆಯನ್ನು ಬರೆಯುವುದು ಕೆಲವರಿಗೆ ಅತಿಯೆನಿಸೀತು. ದಂಡದ ಚೀಟಿಗಳ ಮೇಲೆ ದಿನಾಂಕದೊಂದಿಗೆ ವೇಳೆಯೂ ಮುದ್ರಿತವಾಗಿರುತ್ತದೆ. ಮುಂಜಾನೆ ಮಾರುವವರು ಓಡಿಸಿ, ಸಂಜೆ ಕೊಂಡವರು ಓಡಿಸಿದ ದಿನದ ದಂಡ ಯಾರದು ಎಂಬುದಕ್ಕೆ ಬೇರೆ ಉತ್ತರವಿಲ್ಲ.

ಗುರುತಿನ ಚೀಟಿಯ ಪ್ರತಿಗಳನ್ನು ವಿನಿಮಯ ಮಾಡಿಕೊಳ್ಳುವಾಗ ಆಧಾರ್ ಸಂಖ್ಯೆಯ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದ ಪಡೆದು ಕೊಡಬಹುದು. ಪ್ರತಿಯ ಮೇಲೆ ಅಡ್ಡಲಾಗಿ, ಇಂತಹ ಸಂಖ್ಯೆಯ ವಾಹನದ ಮಾರಾಟಕ್ಕೆ ಮಾತ್ರ ಎಂದು ಬರೆದು ದಿನಾಂಕ ಹಾಕಬೇಕು.

ಹಣ, ಆ್ಯಪು, ಚಾರ್ಜರು

ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದರ ದಾಖಲೆಯೇ ರಸೀದಿಯ ಅರ್ಧ ಕೆಲಸವನ್ನು ಮಾಡುತ್ತದೆ. ನಗದಾಗಿ ಕೊಟ್ಟಾಗ, ಮೊತ್ತವು 5,000 ರೂಪಾಯಿ ಮೀರಿದ್ದರೆ, ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚಿ ಅದರ ಮೇಲೆ ಹಾದುಹೋಗುವಂತೆ ಸಹಿ ಮಾಡಿದ ರಸೀದಿ ಪಡೆಯಬೇಕು. ಕಾರಿನಂತಹ ದೊಡ್ಡ ಮೊತ್ತದ ವ್ಯವಹಾರಗಳಲ್ಲಿ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪತ್ರದಲ್ಲಿ ಕಡಿಮೆ ಬೆಲೆ ಬರೆದು ಉಳಿದದ್ದನ್ನು ಕೈಯಲ್ಲಿ ಕೊಡುವ ಅಭ್ಯಾಸದಿಂದ ಕೊಳ್ಳುವವರಿಗೇ ಹಾನಿ: ವ್ಯವಹಾರ ಮುರಿದರೆ ಮರಳಿ ಕೇಳಲು ಆಧಾರವಿರುವುದು ಬರೆದ ಮೊತ್ತಕ್ಕೆ ಮಾತ್ರ.

ಹಳೆಯ ವಿದ್ಯುತ್ ವಾಹನಕ್ಕೆ ನೂರಕ್ಕೆ 18ರ ಜಿಎಸ್‌ಟಿ ಎಂಬ ಸುದ್ದಿಯಿಂದ ಕೆಲವರು ಗಾಬರಿಗೊಂಡದ್ದುಂಟು. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೆಯ ಸಭೆಯ ಆ ತೀರ್ಮಾನವು ನೋಂದಾಯಿತ ವ್ಯಾಪಾರಿಗಳ ಲಾಭಾಂಶಕ್ಕೆ ಸಂಬಂಧಿಸಿದ್ದು. ವ್ಯಕ್ತಿಯೊಬ್ಬರು ತಮ್ಮ ಸ್ವಂತ ಗಾಡಿಯನ್ನು ಇನ್ನೊಬ್ಬ ವ್ಯಕ್ತಿಗೆ ಮಾರಿದರೆ ಈ ತೆರಿಗೆ ಬರುವುದಿಲ್ಲ.

ಇತ್ತೀಚಿನ ಸ್ಕೂಟರುಗಳು ಮೊಬೈಲ್ ಆ್ಯಪಿಗೆ ಹೊಂದಿಕೊಂಡಿರುತ್ತವೆ. ಗಾಡಿ ಎಲ್ಲಿದೆ ಎಂಬುದು ಆ್ಯಪಿನಲ್ಲಿ ಕಾಣುತ್ತದೆ. ಕೆಲವು ಮಾದರಿಗಳಲ್ಲಿ ದೂರದಿಂದಲೇ ಬೀಗ ಹಾಕಲೂ ಬರುತ್ತದೆ. ಖಾತೆಯು ಹಳೆಯ ಮಾಲೀಕರ ಮೊಬೈಲಿನಲ್ಲಿಯೇ ಉಳಿದರೆ, ಕೊಂಡವರು ಎಲ್ಲಿಗೆ ಹೋದರು ಬಂದರು ಎಂಬುದೆಲ್ಲ ಅವರಿಗೆ ಕಾಣುತ್ತಲೇ ಇರುತ್ತದೆ. ಹೆಣ್ಣುಮಕ್ಕಳು ಓಡಿಸುವ ಗಾಡಿಗಳ ವಿಷಯದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಖಾತೆಯ ಬದಲಾವಣೆಗೆ ಬರುವ ಒಟಿಪಿ ಹಳೆಯ ಸಂಖ್ಯೆಗೇ ಹೋಗುವುದರಿಂದ, ಇಬ್ಬರೂ ಎದುರುಬದುರು ಕುಳಿತಿರುವಾಗಲೇ ಈ ಕೆಲಸ ಮುಗಿಯಬೇಕು. ಚಾರ್ಜರಿನ ಮಾತೂ ಹಾಗೆಯೇ. ಬೇರೆ ಮಾದರಿಯ ಚಾರ್ಜರು ಹೊಂದುವುದಿಲ್ಲ, ಹೊಂದಿದಂತೆ ಕಂಡರೂ ಬ್ಯಾಟರಿಗೆ ಅಪಾಯ; ಹೊಸದು ಕೊಳ್ಳಹೋದರೆ ಬೆಲೆ ಸಾವಿರಗಳಲ್ಲಿ.

ಸಹಿಯಾದ ಮೇಲಿನ ದಿನಗಳು

ಗಡುವುಗಳು ಸಹಿಯ ದಿನದಿಂದಲೇ ಆರಂಭವಾಗುತ್ತವೆ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ ನಮೂನೆ 29ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಕೊಂಡವರು ತಮ್ಮ ವಾಸಸ್ಥಳದ ಪ್ರಾಧಿಕಾರಕ್ಕೆ 30 ದಿನಗಳೊಳಗೆ ವರದಿ ಮಾಡಬೇಕು. ಇಬ್ಬರೂ ಗದಗ ಜಿಲ್ಲೆಯವರಾದರೆ ಒಂದೇ ದಿನ ಜೊತೆಯಾಗಿ ಪರಿವಾಹನ್ ಜಾಲತಾಣದಲ್ಲಿ ಅರ್ಜಿ ತುಂಬಿ ಶುಲ್ಕ ಕಟ್ಟುವುದು ಉತ್ತಮ. ಅರ್ಜಿಯ ಸ್ವೀಕೃತಿ ಕೈಗೆ ಬಂದ ಮೇಲೆ ಬೀಗದ ಕೈ ಕೊಡುವ ಕ್ರಮವನ್ನು ಇಟ್ಟುಕೊಂಡರೆ ಮಾರುವವರಿಗೆ ನಿಶ್ಚಿಂತೆ. ಖಾಲಿ ನಮೂನೆಗಳಿಗೆ ಸಹಿ ಹಾಕಿ ದಲ್ಲಾಳಿಯ ಕೈಗೆ ಕೊಡುವುದೆಂದರೆ, ಗಾಡಿಯು ಇನ್ನೂ ಎಷ್ಟು ಕೈ ದಾಟಿದರೂ ತಮ್ಮ ಹೆಸರಿನಲ್ಲಿಯೇ ಓಡಲಿ ಎಂದು ಒಪ್ಪಿಗೆ ಕೊಟ್ಟಂತೆಯೇ. ಹಳೆಯ ವಾಹನಗಳ ವ್ಯಾಪಾರಿಗಳಿಗೆ 2023ರ ಏಪ್ರಿಲ್ 1ರಿಂದ ಅಧಿಕಾರ ಪತ್ರ ಪಡೆಯುವ ನಿಯಮ ಬಂದಿದೆ. ವ್ಯಾಪಾರಿಗೆ ಮಾರುವುದಾದರೆ ಆ ಪತ್ರವನ್ನು ತೋರಿಸುವಂತೆ ಕೇಳಬೇಕು.

ಮಹಾರಾಷ್ಟ್ರ, ಗೋವಾ, ಆಂಧ್ರಗಳಿಂದ ತಂದ ಗಾಡಿಗೆ ಅಲ್ಲಿನ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಅಗತ್ಯ. ಅದರ ನಮೂನೆ 28. ಮಾರಿದವರ ಗಡುವು ಆಗ 45 ದಿನ. ಆ ಪತ್ರ ಕೈ ಸೇರುವವರೆಗೆ ಪೂರ್ತಿ ಹಣ ಕೊಡಬಾರದು.

ವಿಮೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮೋಟಾರು ವಾಹನಗಳ ಅಧಿನಿಯಮದ 157ನೆಯ ಪ್ರಕರಣದಂತೆ ಮೂರನೆಯವರಿಗೆ ಆಗುವ ಹಾನಿಯ ವಿಮೆಯು ಗಾಡಿಯೊಂದಿಗೆ ಕೊಂಡವರಿಗೆ ಬರುತ್ತದೆ. ಗಾಡಿಗೇ ಆಗುವ ಹಾನಿಯ, ಕಳವಿನ ವಿಮೆಯು ಹಾಗೆ ತಾನಾಗಿ ಬರುವುದಿಲ್ಲ. ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಬ್ಯಾಟರಿಯೇ ಗಾಡಿಯ ಬೆಲೆಯ ದೊಡ್ಡ ಪಾಲಾಗಿರುವಾಗ, ಮಳೆಗಾಲದ ಒಂದು ದಿನ ಹಳ್ಳದ ನೀರು ಹೊಕ್ಕರೆ ಹಳೆಯ ಹೆಸರಿನ ವಿಮೆಯಿಂದ ಒಂದು ರೂಪಾಯಿಯೂ ಸಿಗಲಾರದು. ಹಿಂದಿನ ವರ್ಷಗಳಲ್ಲಿ ವಿಮೆ ಕೇಳದಿದ್ದುದಕ್ಕೆ ಸಿಗುವ ರಿಯಾಯಿತಿ ಮಾತ್ರ ಮಾರಿದವರದೇ. ಅದು ಗಾಡಿಯೊಂದಿಗೆ ಹೋಗುವುದಿಲ್ಲ.

ನೋಂದಣಿಯೇ ಇಲ್ಲದ ಗಾಡಿಗಳು

ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ, 0.25 ಕಿಲೋವ್ಯಾಟಿಗಿಂತ ಕಡಿಮೆ ಶಕ್ತಿಯ, ಬ್ಯಾಟರಿ ಬಿಟ್ಟು 60 ಕಿಲೋಗ್ರಾಮಿಗೆ ಮೀರದ ತೂಕದ, ಅಧಿಕೃತ ತಪಾಸಣಾ ಸಂಸ್ಥೆಯ ಮಾನ್ಯತೆ ಪಡೆದ ದ್ವಿಚಕ್ರ ವಾಹನಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನಗಳೆಂದು ಪರಿಗಣಿಸುವುದಿಲ್ಲ. ಅವುಗಳಿಗೆ ಹಸಿರು ಫಲಕವಿಲ್ಲ, ನೋಂದಣಿ ಪ್ರಮಾಣಪತ್ರವಿಲ್ಲ, ನಮೂನೆ 29, 30ರ ಪ್ರಶ್ನೆಯೂ ಇಲ್ಲ. ಇಂತಹ ಗಾಡಿ ಕಳವಾದರೆ, ಯಾರದೆಂಬ ವಿವಾದ ಎದ್ದರೆ, ಪೊಲೀಸರ ಮುಂದೆ ಇಡಲು ಇರುವುದು ಮೂಲ ಬಿಲ್ಲು ಮತ್ತು ಈ ಮಾರಾಟ ಪತ್ರ, ಎರಡೇ. ಮೇಲಿನ ಮಾದರಿಯಲ್ಲಿ ನೋಂದಣಿಯ ಸಾಲನ್ನು ಹೊಡೆದುಹಾಕಿ, ಆ ಜಾಗದಲ್ಲಿ ಮೂಲ ಬಿಲ್ಲಿನ ಸಂಖ್ಯೆ, ದಿನಾಂಕ, ಅಂಗಡಿಯ ಹೆಸರುಗಳನ್ನು ಬರೆಯಬೇಕು. ಬಿಲ್ಲು ಕಳೆದಿದ್ದರೆ ಅಂಗಡಿಯಿಂದ ಎರಡನೆಯ ಪ್ರತಿ ಪಡೆಯುವಂತೆ ಮಾರುವವರಿಗೆ ಹೇಳಬೇಕು. ಅದೂ ಸಿಗದಿದ್ದರೆ ಕೊಳ್ಳದಿರುವುದೇ ಮೇಲು. ಮೆಕ್ಯಾನಿಕರಿಂದ ವೇಗದ ಮಿತಿಯನ್ನು ತೆಗೆಸಿದ ಗಾಡಿಯು ಈ ವಿನಾಯಿತಿಯಿಂದ ಹೊರಬೀಳುತ್ತದೆ. ಆಗ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ವಿಮೆಯಿಲ್ಲದೆ ಓಡಿಸಿದ್ದಕ್ಕೇ ಮೊದಲ ಸಲ 2,000 ರೂಪಾಯಿ, ಮರುಕಳಿಸಿದರೆ 4,000 ರೂಪಾಯಿ ದಂಡ, ಇಲ್ಲವೆ ಸೆರೆವಾಸವಿದೆ. ವೇಗದ ಮಿತಿಯನ್ನು ಬದಲಿಸಿಲ್ಲ ಎಂಬ ಸಾಲನ್ನು ಇಂತಹ ಪತ್ರದಲ್ಲಿ ತಪ್ಪದೆ ಸೇರಿಸಬೇಕು.

ಹೊಸ ನೋಂದಣಿ ಪ್ರಮಾಣಪತ್ರವು ಕೊಂಡವರ ಹೆಸರಿಗೆ ಬಂದುದನ್ನು ಮಾರಿದವರು ಜಾಲತಾಣದಲ್ಲಿ ತಾವೇ ನೋಡಿ ಖಚಿತಪಡಿಸಿಕೊಳ್ಳಬೇಕು. ಅದರ ನಂತರವೂ ಪತ್ರದ ಪ್ರತಿಯನ್ನು ಎಸೆಯಬಾರದು. ಕೊಂಡವರು ಪತ್ರ, ಬಿಲ್ಲು, ತಪಾಸಣಾ ವರದಿಗಳನ್ನು ಒಂದೇ ಕಡತದಲ್ಲಿ ಇಡಬೇಕು. ಮುಂದೆ ಬ್ಯಾಟರಿ ಬದಲಿಸಿದಾಗ ಹಳೆಯದನ್ನು ಗುಜರಿಗೆ ಹಾಕದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಕಂಪನಿಯ ಸಂಗ್ರಹಣಾ ಕೇಂದ್ರಕ್ಕೆ ಒಪ್ಪಿಸಿ, ಹೊಸ ಬ್ಯಾಟರಿಯ ಬಿಲ್ಲನ್ನು ಅದೇ ಕಡತಕ್ಕೆ ಸೇರಿಸಬೇಕು. ಗಾಡಿಯನ್ನು ಮತ್ತೆ ಮಾರುವ ದಿನ ಬಂದಾಗ ಮೂರನೆಯವರು ಮೊದಲು ಕೇಳುವುದು ಆ ಬಿಲ್ಲನ್ನೇ.